ಅದೇ ಕಟ್ಟಡ, ಅದೇ ಜನ: ಫ್ರೀಮಾಂಟ್ ಕಾರ್ಖಾನೆ ಬದಲಾದ ಬಗೆ

ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ಫ್ರೀಮಾಂಟ್‌ನಲ್ಲಿ ಜನರಲ್ ಮೋಟಾರ್ಸ್, ಅಂದರೆ ಜಿಎಂ ಕಂಪನಿಯ ಕಾರು ಕಾರ್ಖಾನೆ ಇತ್ತು. 1982ರಲ್ಲಿ ಅದಕ್ಕೆ ಬೀಗ ಬಿತ್ತು. ಜಿಎಂ ಕಾರ್ಖಾನೆಗಳಲ್ಲೇ ತೀರಾ ಕೆಟ್ಟ ಹೆಸರು ಪಡೆದಿದ್ದ ಜಾಗ ಅದು. ಎರಡು ವರ್ಷ ಕಳೆದ ಮೇಲೆ ಅದೇ ಕಟ್ಟಡದ ಬಾಗಿಲು ಮತ್ತೆ ತೆರೆಯಿತು. ಈ ಸಲದ ಹೆಸರು ನ್ಯೂ ಯುನೈಟೆಡ್ ಮೋಟಾರ್ ಮ್ಯಾನುಫ್ಯಾಕ್ಚರಿಂಗ್. ಎಲ್ಲರೂ ಕರೆದದ್ದು ನುಮ್ಮಿ ಅಂತ. ಜಿಎಂ ಮತ್ತು ಟೊಯೋಟಾ ಎರಡಕ್ಕೂ ಅರ್ಧರ್ಧ ಪಾಲು, ನಡೆಸುವ ಹೊಣೆ ಮಾತ್ರ ಟೊಯೋಟಾದ್ದು. 1984ರ ಡಿಸೆಂಬರ್‌ನಲ್ಲಿ ಮೊದಲ ಷೆವ್ರೊಲೆ ನೋವಾ ಕಾರು ಹೊರಬಂತು. ಹೊಸದಾಗಿ ಸೇರಿಸಿಕೊಂಡ ಕಾರ್ಮಿಕರಲ್ಲಿ ಸುಮಾರು ಶೇ. 85 ಮಂದಿ ಹಳೇ ಫ್ರೀಮಾಂಟ್‌ನವರೇ. ಯೂನಿಯನ್ ಕೂಡ ಬದಲಾಗಲಿಲ್ಲ, ಅದೇ ಯುನೈಟೆಡ್ ಆಟೋ ವರ್ಕರ್ಸ್.

1986 ಮುಗಿಯುವ ಹೊತ್ತಿಗೆ ಈ ಕಾರ್ಖಾನೆ ಜಿಎಂನ ಬೇರೆಲ್ಲ ಕಾರ್ಖಾನೆಗಳನ್ನು ಉತ್ಪಾದಕತೆಯಲ್ಲಿ ಹಿಂದೆ ಹಾಕಿತ್ತು. ಆ ದಿನಗಳಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಸಂಶೋಧಕರು ಮೂರು ಕಾರ್ಖಾನೆಗಳನ್ನು ಪಕ್ಕಪಕ್ಕದಲ್ಲಿಟ್ಟು ಅಳೆದರು. ಒಂದು ಕಾರು ಜೋಡಿಸಲು ಜಿಎಂನ ಫ್ರೇಮಿಂಗ್‌ಹ್ಯಾಮ್ ಕಾರ್ಖಾನೆಗೆ 31 ಗಂಟೆಗಳ ದುಡಿಮೆ ಬೇಕಿತ್ತು. ಜಪಾನಿನ ಟೊಯೋಟಾ ತಕಾವೊಕಾ ಕಾರ್ಖಾನೆಗೆ 16 ಗಂಟೆ ಸಾಕಿತ್ತು. ನುಮ್ಮಿಗೆ 19. ನೂರು ಕಾರುಗಳಲ್ಲಿ ಕಂಡ ಜೋಡಣೆಯ ದೋಷಗಳು ಫ್ರೇಮಿಂಗ್‌ಹ್ಯಾಮ್‌ನಲ್ಲಿ 130ರ ಆಸುಪಾಸು ಇದ್ದರೆ, ತಕಾವೊಕಾ ಮತ್ತು ನುಮ್ಮಿ ಎರಡರಲ್ಲೂ 45.

ಕೆಲಸದ ಜಾಗದಲ್ಲಿ ನಿರಂತರ ಸುಧಾರಣೆ ಅಂತ ಮಾತು ಬಂದಾಗೆಲ್ಲ ಈ ಅಂಕಿಗಳು ಬರುತ್ತವೆ. ಅಲ್ಲಿಗೇ ನಿಲ್ಲುವವರು ಜಾಸ್ತಿ. ನನಗೆ ಮುಖ್ಯ ಅನಿಸುವ ಪ್ರಶ್ನೆ ಬೇರೆ. ಅದೇ ಕೈಗಳು ಹಿಂದೆ ಕೆಟ್ಟ ಕಾರು ಮಾಡುತ್ತಿದ್ದವು, ಆಮೇಲೆ ಒಳ್ಳೆ ಕಾರು ಮಾಡಿದವು. ನಡುವೆ ಆದದ್ದು ಏನು? ನಾನು ಕಂಡುಕೊಂಡ ಉತ್ತರ ಇಷ್ಟು: ಲೈನಿನಲ್ಲಿ, ಅಂದರೆ ಕಾರು ಹಂತಹಂತವಾಗಿ ಜೋಡಣೆಯಾಗುತ್ತಾ ಸಾಗುವ ಸಾಲಿನಲ್ಲಿ, ನಿಂತವನು "ಇಲ್ಲೇನೋ ಸರಿಯಿಲ್ಲ" ಅಂದಾಗ ಅವನಿಗೆ ಏನಾಗುತ್ತಿತ್ತೋ ಅದು ಬದಲಾಯಿತು. ಉಳಿದ ಬದಲಾವಣೆಗಳೆಲ್ಲ ಅದರ ಬೆನ್ನಿಗೆ ಬಂದವು.

ಬೀಗ ಬೀಳುವ ಮೊದಲು

ಹಳೇ ಫ್ರೀಮಾಂಟ್‌ನಲ್ಲಿ ಒಂದು ದಿನಕ್ಕೆ ಐದರಲ್ಲಿ ಒಬ್ಬರು ಕೆಲಸಕ್ಕೇ ಬರುತ್ತಿರಲಿಲ್ಲ. ಸೋಮವಾರ ಬೆಳಗ್ಗೆ ಲೈನ್ ಶುರು ಮಾಡೋಕೆ ಜನ ಸಾಲದೆ ಪರದಾಡುವುದಿತ್ತು. ಯೂನಿಯನ್ ಕೊಟ್ಟ ದೂರುಗಳು ಸಾವಿರಗಟ್ಟಲೆ ಬಾಕಿ ಬಿದ್ದಿದ್ದವು. ಹೇಳದೆ ಕೇಳದೆ ಮುಷ್ಕರ ಆಗುತ್ತಿತ್ತು. ಕೆಲಸದ ಹೊತ್ತಲ್ಲೇ ಕುಡಿಯುತ್ತಿದ್ದರು. ಕೆಲವರು ಸಿಟ್ಟು ತೀರಿಸಿಕೊಳ್ಳೋಕೆ ಕಾರಿನ ಬಾಗಿಲೊಳಗೆ ಖಾಲಿ ಬಾಟಲಿ ಹಾಕಿ ಮುಚ್ಚುತ್ತಿದ್ದರು, ಕೊಂಡವನಿಗೆ ಆಮೇಲೆ ಒಳಗಿಂದ ಗಡಗಡ ಸದ್ದು ಕೇಳಲಿ ಅಂತ. ಇದನ್ನೆಲ್ಲ ಅಲ್ಲಿ ದುಡಿದವರೇ ಮುಂದೆ ಬಾಯಿಬಿಟ್ಟು ಹೇಳಿದ್ದಾರೆ.

ಕಾರ್ಮಿಕರ ಗುಣವೇ ಸರಿಯಿಲ್ಲ ಅಂತ ತೀರ್ಮಾನಿಸೋದು ಸುಲಭ. ಆಗ ತುಂಬಾ ಜನ ಹಾಗೇ ತೀರ್ಮಾನಿಸಿದ್ದರು. ಆದರೆ ಆ ಲೈನಿನಲ್ಲಿ ನಡೆಯುತ್ತಿದ್ದುದನ್ನೂ ನೋಡಬೇಕು. ಏನೇ ಆದರೂ ಲೈನ್ ನಿಲ್ಲಕೂಡದು ಅನ್ನೋದು ಅಲ್ಲಿನ ನಿಯಮ. ಭಾಗ ತಪ್ಪಾಗಿ ಕೂತರೂ ಕಾರು ಮುಂದೆ ಹೋಗಬೇಕು. ಒಂದು ಮಾದರಿಯ ಕಾರಿಗೆ ಇನ್ನೊಂದು ಮಾದರಿಯ ಮುಂಭಾಗ ಕೂತಿದ್ದು ಕಣ್ಣಿಗೆ ಕಂಡರೂ ಕಾರು ಮುಂದೆಯೇ ಹೋಗಬೇಕು. ಕೊನೆಯಲ್ಲಿ ರಿಪೇರಿ ಅಂಗಳದಲ್ಲಿ ಸಾಲುಗಟ್ಟಿ ನಿಂತ ಕಾರುಗಳನ್ನು ಬೇರೆ ಯಾರೋ ಬಿಚ್ಚಿ ಸರಿ ಮಾಡುತ್ತಿದ್ದರು. ತಪ್ಪು ಕಂಡ ಮನುಷ್ಯ ಬಾಯಿಬಿಟ್ಟರೆ ಬೈಗುಳ, ಸುಮ್ನಿದ್ದರೆ ಏನೂ ಇಲ್ಲ. ವರ್ಷಗಟ್ಟಲೆ ಹೀಗೆ ನಡೆದರೆ ಯಾರಾದರೂ ಸುಮ್ಮನಿರೋದನ್ನೇ ಕಲಿಯುತ್ತಾರೆ, ಅಲ್ವಾ?

ಕೆಲಸದ ವಿಧಾನ ಬರೆಯುತ್ತಿದ್ದವರು ಇಂಡಸ್ಟ್ರಿಯಲ್ ಇಂಜಿನಿಯರ್‌ಗಳು. ಅವರು ಸ್ಟಾಪ್‌ವಾಚ್ ಹಿಡಿದು ಬರುತ್ತಿದ್ದರು. ಅವರು ನೋಡುವಾಗ ಕಾರ್ಮಿಕ ಬೇಕಂತಲೇ ನಿಧಾನ ಮಾಡುತ್ತಿದ್ದ. ಅವರು ಅಳೆದು ಬರೆದ ಹಾಳೆ ಫೋರ್‌ಮನ್ ಕೈಗೆ ಬರುತ್ತಿತ್ತು, ಲೈನಿನಲ್ಲಿ ಯಾರೂ ಅದನ್ನು ಕೇಳುತ್ತಿರಲಿಲ್ಲ. ನಿಜವಾಗಿ ಬಲ್ಲವನು ಬಚ್ಚಿಡುತ್ತಿದ್ದ, ಬರೆಯುವವನಿಗೆ ಕೆಲಸ ಗೊತ್ತಿರಲಿಲ್ಲ. ಇಂಥ ಕಡೆ ಸುಧಾರಣೆ ಶುರುವಾಗೋಕೆ ಜಾಗವೇ ಇರೋದಿಲ್ಲ.

ಯಾರಿಗೆ ಏನು ಬೇಕಿತ್ತು

ಈ ಭಾಗವನ್ನು ಬೇಗ ಹೇಳಿ ಮುಗಿಸುತ್ತೇನೆ. ಜಿಎಂಗೆ ಸಣ್ಣ ಕಾರನ್ನು ಲಾಭಕ್ಕೆ ಮಾಡೋದು ಗೊತ್ತಿರಲಿಲ್ಲ, ಕಲಿಯಬೇಕಿತ್ತು. 1981ರಿಂದ ಅಮೆರಿಕಕ್ಕೆ ಹೋಗುವ ಜಪಾನಿ ಕಾರುಗಳ ಸಂಖ್ಯೆಗೆ ಮಿತಿ ಬಿದ್ದಿತ್ತು. ಹಾಗಾಗಿ ಟೊಯೋಟಾ ಅಲ್ಲೇ ಕಾರು ಮಾಡುವ ದಾರಿ ಹುಡುಕುತ್ತಿತ್ತು. ಅಮೆರಿಕದ ಕಾರ್ಮಿಕರ ಜೊತೆ, ಅಲ್ಲಿನ ಯೂನಿಯನ್ ಜೊತೆ ತನ್ನ ಪದ್ಧತಿ ನಡೆಯುತ್ತದಾ ಅಂತ ಅದಕ್ಕೂ ನೋಡಬೇಕಿತ್ತು. 1983ರ ಫೆಬ್ರವರಿಯಲ್ಲಿ ಒಪ್ಪಂದವಾಯಿತು. ನುಮ್ಮಿಯ ಮೊದಲ ಅಧ್ಯಕ್ಷರಾಗಿ ತತ್ಸುರೊ ಟೊಯೋಡಾ ಬಂದರು.

ಹಳೇ ಕಾರ್ಮಿಕರನ್ನೇ ತೆಗೆದುಕೊಳ್ಳಲು ಟೊಯೋಟಾಕ್ಕೆ ಮೊದಲು ಮನಸ್ಸಿರಲಿಲ್ಲ. ಯೂನಿಯನ್ ಪಟ್ಟು ಹಿಡಿಯಿತು. ಕೊನೆಗೆ ಆದ ಕರಾರಿನಲ್ಲಿ ಎರಡು ಅಂಶಗಳನ್ನು ಬೇರೆಯಾಗಿ ನೋಡಬೇಕು.

ಮೊದಲನೆಯದು ಕೆಲಸದ ವರ್ಗಗಳದ್ದು. ಹಳೇ ಕಾರ್ಖಾನೆಯಲ್ಲಿ ಕಾರ್ಮಿಕರ ಕೆಲಸಗಳನ್ನು 80ಕ್ಕೂ ಹೆಚ್ಚು ವರ್ಗಗಳಾಗಿ ಹಂಚಿಟ್ಟಿದ್ದರು. ಒಂದು ವರ್ಗದವನು ಇನ್ನೊಂದನ್ನು ಮುಟ್ಟುವಂತಿರಲಿಲ್ಲ. ನುಮ್ಮಿಯಲ್ಲಿ ಲೈನಿನ ಕೆಲಸಕ್ಕೆಲ್ಲ ಒಂದೇ ವರ್ಗ. ಐದರಿಂದ ಏಳು ಜನರ ತಂಡ, ತಂಡಕ್ಕೊಬ್ಬ ಟೀಮ್ ಲೀಡರ್. ತಂಡದ ಒಳಗೆ ಯಾರು ಯಾವ ಕೆಲಸ ಬೇಕಾದರೂ ಮಾಡಬಹುದು. ಯೂನಿಯನ್ ಹತ್ತಾರು ವರ್ಷ ಹೋರಾಡಿ ಪಡೆದ ಗೆರೆಗಳು ಇವು. ಬಿಟ್ಟುಕೊಡೋದು ಅವರಿಗೆ ಸಣ್ಣ ವಿಷಯವೇನೂ ಆಗಿರಲಿಲ್ಲ.

ಇದಕ್ಕೆ ಬದಲಾಗಿ ಯೂನಿಯನ್ ಪಡೆದದ್ದೇ ಎರಡನೆಯದು. ಕಂಪನಿಯ ಉಳಿವಿಗೇ ಕುತ್ತು ಬರುವಂಥ ಆರ್ಥಿಕ ಸಂಕಟ ಬಂದ ಹೊರತು ಯಾರನ್ನೂ ಲೇಆಫ್ ಮಾಡುವುದಿಲ್ಲ, ಅಂದರೆ ಕೆಲಸದಿಂದ ತೆಗೆಯುವುದಿಲ್ಲ ಅಂತ ಕರಾರಿನಲ್ಲೇ ಬರೆದರು. ಅಂಥ ಸ್ಥಿತಿ ಬಂದರೂ ಮೊದಲು ಮ್ಯಾನೇಜರ್‌ಗಳ ಸಂಬಳ ಇಳಿಯಬೇಕು, ಹೊರಗೆ ಕೊಟ್ಟ ಕೆಲಸ ಒಳಗೆ ಬರಬೇಕು, ಆಮೇಲಷ್ಟೇ ಲೇಆಫ್ ಮಾತು.

ಸುಧಾರಣೆಯ ಬಗ್ಗೆ ಮಾತಾಡುವವರು ಈ ಸಾಲನ್ನು ಕಾರ್ಮಿಕ ಕಾನೂನಿನ ವಿಷಯ ಅಂತ ಪಕ್ಕಕ್ಕಿಡುತ್ತಾರೆ. ನನ್ನ ಪ್ರಕಾರ ಇಡೀ ಪ್ರಕರಣ ನಿಂತಿರೋದೇ ಇದರ ಮೇಲೆ. ನಾಲ್ಕು ಜನ ಮಾಡುವ ಕೆಲಸವನ್ನು ಮೂರೇ ಜನ ಮಾಡುವ ದಾರಿ ನನಗೆ ಹೊಳೆಯಿತು ಅಂದುಕೊಳ್ಳಿ. ಹೇಳಿದರೆ ನಾಲ್ಕನೆಯವನ ಕೆಲಸ ಹೋಗುತ್ತದೆ, ಆ ನಾಲ್ಕನೆಯವನು ನಾನೇ ಆಗಿರಬಹುದು. ಆಗ ನಾನ್ಯಾಕೆ ಬಾಯಿ ಬಿಡಲಿ?

ಹಗ್ಗ

ಕೆಲಸ ಶುರುವಾಗುವ ಮುಂಚೆ ಹಳೇ ಫ್ರೀಮಾಂಟ್‌ನ ನೂರಾರು ಜನರನ್ನು ತಂಡತಂಡವಾಗಿ ಜಪಾನಿನ ತಕಾವೊಕಾಕ್ಕೆ ಕಳಿಸಿದರು. ಅಲ್ಲಿ ಅವರು ಜಪಾನಿ ಕಾರ್ಮಿಕರ ಪಕ್ಕದಲ್ಲೇ ನಿಂತು ಕಾರು ಜೋಡಿಸಿದರು. ಅವರ ಮನಸ್ಸಿನಲ್ಲಿ ಎಲ್ಲಕ್ಕಿಂತ ಜಾಸ್ತಿ ಉಳಿದದ್ದು ಒಂದು ಅನುಭವ. ಕೆಲಸ ತಪ್ಪಿದಾಗ, ಹಿಂದೆ ಬಿದ್ದಾಗ, ಯಾರೋ ಬಂದು "ಏನಾಯಿತು, ಹೇಗೆ ಸಹಾಯ ಮಾಡಲಿ" ಅಂತ ಕೇಳಿದ್ದು.

ನುಮ್ಮಿಯಲ್ಲಿ ಇದಕ್ಕೆ ಒಂದು ಸಾಧನ ಇತ್ತು. ಲೈನಿನುದ್ದಕ್ಕೂ ತಲೆ ಮೇಲೆ ಒಂದು ಹಗ್ಗ. ಆಂಡಾನ್ ಹಗ್ಗ ಅಂತ ಹೆಸರು. ಬೋಲ್ಟ್ ಕೂರುತ್ತಿಲ್ಲ, ಭಾಗ ಸರಿಯಿಲ್ಲ, ಸಮಯ ಸಾಲುತ್ತಿಲ್ಲ, ಏನೇ ಇರಲಿ, ಎಳೆಯಬೇಕು. ಎಳೆದ ತಕ್ಷಣ ಒಂದು ರಾಗ ಕೇಳುತ್ತದೆ, ಮೇಲಿನ ಫಲಕದಲ್ಲಿ ಆ ಜಾಗದ ದೀಪ ಹತ್ತುತ್ತದೆ. ಟೀಮ್ ಲೀಡರ್ ಓಡಿ ಬರುತ್ತಾನೆ. ಕಾರು ತನ್ನ ಜಾಗದ ಗೆರೆ ದಾಟುವುದರೊಳಗೆ ಸರಿಹೋದರೆ ಹಗ್ಗವನ್ನು ಇನ್ನೊಮ್ಮೆ ಎಳೆದರೆ ಆಯಿತು, ಲೈನ್ ನಿಲ್ಲುವುದೇ ಇಲ್ಲ. ಸರಿಹೋಗದಿದ್ದರೆ ಮಾತ್ರ ಗೆರೆಯ ಹತ್ತಿರ ನಿಲ್ಲುತ್ತದೆ. ಎಳೆದದ್ದರಲ್ಲಿ ಹೆಚ್ಚಿನವು ಲೈನ್ ನಿಲ್ಲದೆಯೇ ಬಗೆಹರಿಯುತ್ತಿದ್ದವು.

ಲೈನ್ ನಿಲ್ಲಿಸುವ ಹಕ್ಕನ್ನು ಈ ಕಾರ್ಮಿಕರ ಕೈಗೆ ಕೊಡುತ್ತೀರಾ ಅಂತ ಜಿಎಂ ಕಡೆಯವರು ಗಾಬರಿಯಿಂದ ಕೇಳಿದ್ದರಂತೆ. ಟೊಯೋಟಾದವರ ಉತ್ತರ ಇನ್ನೂ ಒಂದು ಹೆಜ್ಜೆ ಮುಂದಿತ್ತು: ಸಮಸ್ಯೆ ಕಂಡಾಗ ನಿಲ್ಲಿಸೋದು ಅವರ ಕರ್ತವ್ಯ. ಆಗ ಟೊಯೋಟಾದಲ್ಲಿದ್ದು, ನುಮ್ಮಿಯ ತರಬೇತಿ ಕಟ್ಟಿದವರಲ್ಲಿ ಒಬ್ಬರಾದ ಜಾನ್ ಶುಕ್ ಇದನ್ನು 2010ರಲ್ಲಿ ಬರೆದರು. ಅವರ ವಾದವೂ ಸ್ಪಷ್ಟ. ಜನರ ಯೋಚನೆ ಬದಲಿಸಲು ಉಪದೇಶ ಮಾಡುತ್ತಾ ಕೂರಬೇಡಿ. ದಿನವೂ ಮಾಡುವ ಕೆಲಸ ಬದಲಿಸಿ, ಯೋಚನೆ ತಾನಾಗಿ ಹಿಂದೆ ಬರುತ್ತದೆ.

ಈ ಯೋಚನೆಯ ಬೇರು ಕಾರಿಗಿಂತ ಹಳೆಯದು. ಟೊಯೋಟಾ ಕಾರು ಕಂಪನಿ ಕಟ್ಟಿದವರ ತಂದೆ ಸಕಿಚಿ ಟೊಯೋಡಾ 1924ರಲ್ಲಿ ಪೂರ್ತಿಗೊಳಿಸಿದ ಸ್ವಯಂಚಾಲಿತ ಮಗ್ಗ ದಾರ ಕಡಿದ ಕೂಡಲೇ ತಾನಾಗಿ ನಿಲ್ಲುತ್ತಿತ್ತು. ಕೆಟ್ಟ ಬಟ್ಟೆಯನ್ನು ಗಜಗಟ್ಟಲೆ ನೇಯ್ದು ಆಮೇಲೆ ಬೇರ್ಪಡಿಸುವುದಕ್ಕಿಂತ ಕಡಿದ ಜಾಗದಲ್ಲೇ ನಿಲ್ಲೋದು ಅಗ್ಗ. ಕಾರಿನ ಲೈನಿಗೂ ಇದೇ ಲೆಕ್ಕ.

ಹಗ್ಗದ ಬಗ್ಗೆ ಬರೆಯುವವರು ಟೀಮ್ ಲೀಡರ್ ಬಗ್ಗೆ ಕಡಿಮೆ ಬರೆಯುತ್ತಾರೆ. ಅವನೂ ಯೂನಿಯನ್ ಸದಸ್ಯನೇ, ಗಂಟೆ ಲೆಕ್ಕದ ಕೂಲಿಯವನೇ. ಅವನಿಗೆ ಲೈನಿನಲ್ಲಿ ಕಾಯಂ ಜಾಗ ಇರಲಿಲ್ಲ. ಯಾರಾದರೂ ಬರದಿದ್ದರೆ ಆ ಜಾಗ ತುಂಬೋದು, ಹೊಸಬರಿಗೆ ಕಲಿಸೋದು, ದೀಪ ಹತ್ತಿದರೆ ಓಡೋದು, ಇದೇ ಅವನ ಕೆಲಸ. ಐದಾರು ಜನಕ್ಕೆ ಹೀಗೆ ಒಬ್ಬನನ್ನು ಬಿಡುವಾಗಿ ಇಡೋದು ಮೇಲ್ನೋಟಕ್ಕೆ ದುಂದು ಅನಿಸುತ್ತದೆ. ವೆಚ್ಚ ಕಡಿತ ಅಂದ ಕೂಡಲೇ ಮೊದಲು ಕತ್ತರಿ ಬೀಳೋದು ಇಂಥವರಿಗೇ. ಆದರೆ ಅವನಿಲ್ಲದಿದ್ದರೆ ಆ ಹಗ್ಗ ಬರೀ ದೂರು ಕೊಡುವ ಗಂಟೆ. ಎಳೆದವನಿಗೆ ಒಂದು ನಿಮಿಷದೊಳಗೆ ಯಾರೂ ಬರದಿದ್ದರೆ ಎರಡನೇ ವಾರದಿಂದ ಅವನು ಎಳೆಯೋದೇ ಇಲ್ಲ.

ಸ್ಟಾಪ್‌ವಾಚ್ ಯಾರ ಕೈಯಲ್ಲಿ

ನುಮ್ಮಿಯ ಕೆಲಸ ಸಡಿಲವಾಗಿತ್ತು, ಎಲ್ಲರೂ ಇಷ್ಟ ಬಂದಂತೆ ಮಾಡುತ್ತಿದ್ದರು ಅಂತ ಯಾರಾದರೂ ಅಂದುಕೊಂಡರೆ ಅದು ತಪ್ಪು. ಪ್ರತಿ ಕೆಲಸದ ಪ್ರತಿ ಚಲನೆಯೂ ಬರವಣಿಗೆಯಲ್ಲಿತ್ತು. ಯಾವ ಕೈಯಲ್ಲಿ ಏನು ಹಿಡಿಯಬೇಕು, ಎಷ್ಟು ಹೆಜ್ಜೆ ನಡೆಯಬೇಕು, ಯಾವ ಬೋಲ್ಟ್ ಮೊದಲು, ಎಲ್ಲವೂ. ಈ ಮಟ್ಟದ ಕಟ್ಟುನಿಟ್ಟು ಹಳೇ ಫ್ರೀಮಾಂಟ್‌ನಲ್ಲೂ ಇರಲಿಲ್ಲ. ಅದೇ ಜನ ಅದನ್ನು ಹೇಗೆ ಒಪ್ಪಿದರು?

ಬರೆದವರು ಅವರೇ ಆಗಿದ್ದರಿಂದ. ತಂಡದವರು ಸ್ಟಾಪ್‌ವಾಚ್ ಹಿಡಿದು ಒಬ್ಬರ ಕೆಲಸವನ್ನು ಇನ್ನೊಬ್ಬರು ಅಳೆಯುತ್ತಿದ್ದರು. ಕೆಲಸವನ್ನು ತುಂಡು ತುಂಡಾಗಿ ಬಿಡಿಸಿ, ಪ್ರತಿ ತುಂಡನ್ನು ಸುರಕ್ಷಿತವಾಗಿ, ಇಡೀ ದಿನ ತಾಳಿಕೊಳ್ಳುವ ವೇಗದಲ್ಲಿ ಮಾಡುವ ದಾರಿ ಹುಡುಕುತ್ತಿದ್ದರು. ಇನ್ನೊಂದು ಶಿಫ್ಟಿನಲ್ಲಿ ಅದೇ ಜಾಗದಲ್ಲಿ ನಿಲ್ಲುವ ತಂಡದ ಜೊತೆ ಹೋಲಿಸುತ್ತಿದ್ದರು. ಎರಡೂ ತಂಡ ಒಪ್ಪಿದ ಮೇಲೆ ಅದು ಆ ಕೆಲಸದ ಸ್ಟ್ಯಾಂಡರ್ಡ್ ಆಗುತ್ತಿತ್ತು. ಇನ್ನೂ ಒಳ್ಳೆಯ ದಾರಿ ಸಿಗುವವರೆಗೆ ಅದೇ.

ಪಾಲ್ ಆಡ್ಲರ್ ಎಂಬ ಸಂಶೋಧಕರು ಈ ಕಾರ್ಖಾನೆಯೊಳಗೆ ಓಡಾಡಿ, ಜನರ ಜೊತೆ ಮಾತಾಡಿ 1993ರಲ್ಲಿ ಬರೆದ ವರದಿಯ ತಿರುಳು ಇದೇ. ಕಟ್ಟುನಿಟ್ಟಾದ ವಿಧಾನ ತಾನಾಗಿಯೇ ಮನುಷ್ಯನನ್ನು ಹಿಂಸಿಸುವುದಿಲ್ಲ. ಅದನ್ನು ಯಾರು, ಯಾಕೆ ಬರೆದರು ಅನ್ನೋದರ ಮೇಲೆ ಎಲ್ಲ ನಿಂತಿದೆ. ಈ ಮಾತನ್ನು ನಾನು ಪೂರ್ತಿ ಒಪ್ಪುತ್ತೇನೆ. ನಿಯಮಗಳು ಜಾಸ್ತಿಯಾದವು ಅಂತ ಕೆಲಸದ ಜಾಗದಲ್ಲಿ ಗೊಣಗುವವರನ್ನು ಕೇಳಿ ನೋಡಿ. ಹೆಚ್ಚಿನ ಸಲ ಅವರ ಕಷ್ಟ ನಿಯಮ ಇದೆ ಅನ್ನೋದಲ್ಲ. ಅದನ್ನು ಬರೆದವರು ಆ ಕೆಲಸವನ್ನು ಒಮ್ಮೆಯೂ ಮಾಡಿದವರಲ್ಲ, ತಪ್ಪಿದೆ ಅಂದರೆ ತಿದ್ದುವ ದಾರಿಯೂ ಇಲ್ಲ ಅನ್ನೋದು.

ಸ್ಟ್ಯಾಂಡರ್ಡ್ ಇದ್ದರೇನೇ ಸುಧಾರಣೆ ಅಳೆಯೋಕೆ ಆಗೋದು ಕೂಡ. ಹತ್ತು ಜನ ಹತ್ತು ರೀತಿ ಮಾಡುತ್ತಿದ್ದರೆ ಒಬ್ಬ ತಂದ ಬದಲಾವಣೆ ಒಳ್ಳೆಯದಾ ಕೆಟ್ಟದ್ದಾ ಅಂತ ಹೇಗೆ ತಿಳಿಯಬೇಕು? ನುಮ್ಮಿಯಲ್ಲಿ ಒಂದು ಬದಲಾವಣೆ ಮಾಡಿದರೆ ಅದರ ಫಲ ಆ ದಿನವೇ ಕಾಣುತ್ತಿತ್ತು. ಬದಲಾವಣೆಗಳೇನೂ ದೊಡ್ಡವಾಗಿರಲಿಲ್ಲ. ಬಗ್ಗಿ ತೆಗೆಯಬೇಕಾದ ಭಾಗವನ್ನು ಸೊಂಟದ ಎತ್ತರಕ್ಕೆ ತರೋದು, ಎರಡು ಹೆಜ್ಜೆ ಉಳಿಸೋದು, ಇಂಥವು.

ಸಲಹೆ ಕೊಡುವ ಪದ್ಧತಿಯನ್ನೂ ಈ ಹಿನ್ನೆಲೆಯಲ್ಲೇ ನೋಡಬೇಕು. 1986ರಲ್ಲಿ ನುಮ್ಮಿಯ ಶೇ. 26 ಜನ ಮಾತ್ರ ಸಲಹೆ ಕೊಟ್ಟಿದ್ದರು. 1991ರ ಹೊತ್ತಿಗೆ ಹತ್ತರಲ್ಲಿ ಒಂಬತ್ತು ಜನ ಕೊಡುತ್ತಿದ್ದರು. ಆ ಒಂದೇ ವರ್ಷ 10,000ಕ್ಕೂ ಹೆಚ್ಚು ಸಲಹೆಗಳು ಬಂದವು, ಅವುಗಳಲ್ಲಿ ಶೇ. 80ಕ್ಕಿಂತ ಜಾಸ್ತಿ ಜಾರಿಗೆ ಬಂದವು. ನನ್ನನ್ನು ಹಿಡಿದು ನಿಲ್ಲಿಸುವ ಅಂಕಿ ಎರಡು. ಒಂದು, ಮೊದಲ ವರ್ಷಗಳ ಆ 26. ಅಷ್ಟೆಲ್ಲ ತರಬೇತಿ, ಅಷ್ಟೆಲ್ಲ ಭರವಸೆ ಆದ ಮೇಲೂ ನಾಲ್ಕರಲ್ಲಿ ಮೂರು ಜನ ಸುಮ್ಮನೆ ಕಾದು ನೋಡುತ್ತಿದ್ದರು. ನಂಬಿಕೆ ಬರೋಕೆ ವರ್ಷಗಳೇ ಹಿಡಿದವು. ಇನ್ನೊಂದು, ಆ 80. ಹೇಳಿದ್ದರಲ್ಲಿ ಐದಕ್ಕೆ ನಾಲ್ಕು ನಡೆಯುತ್ತದೆ ಅಂತ ಗೊತ್ತಾದರೆ ಜನ ಹೇಳುತ್ತಾರೆ. ಸಲಹೆ ಪೆಟ್ಟಿಗೆ ಧೂಳು ತಿನ್ನುತ್ತಿದೆ ಅಂದರೆ, ಒಳಗೆ ಹಾಕಿದ ಚೀಟಿಗಳಿಗೆ ಉತ್ತರ ಬಂದಿಲ್ಲ ಅಂತಲೇ ತಿಳಿಯಬೇಕು.

ಈ ಸಲಹೆ ಪದ್ಧತಿ ಮೂಲದಲ್ಲಿ ಅಮೆರಿಕದ್ದೇ. ಟೊಯೋಟಾದ ಎಯ್ಜಿ ಟೊಯೋಡಾ 1950ರಲ್ಲಿ ಫೋರ್ಡ್ ಕಂಪನಿಯ ರಿವರ್ ರೂಜ್ ಕಾರ್ಖಾನೆಯಲ್ಲಿ ಇಂಥದ್ದನ್ನು ಕಂಡಿದ್ದರು. ಮರುವರ್ಷವೇ ಟೊಯೋಟಾದಲ್ಲಿ ಶುರು ಮಾಡಿದರು. ಮೂವತ್ತಕ್ಕೂ ಹೆಚ್ಚು ವರ್ಷ ಅಲ್ಲಿ ಬೆಳೆದು ಅದು ಅಮೆರಿಕಕ್ಕೆ ವಾಪಸ್ ಬಂತು.

ಮಾತು ಉಳಿಸಿಕೊಂಡ ವರ್ಷ

1987 ಮತ್ತು 1988ರಲ್ಲಿ ನೋವಾ ಕಾರಿನ ಮಾರಾಟ ಕುಸಿಯಿತು. ಕಾರ್ಖಾನೆ ತನ್ನ ಶಕ್ತಿಯ ಶೇ. 60ಕ್ಕಿಂತ ಕಡಿಮೆ ಓಡುತ್ತಿತ್ತು. ಬೇರೆ ಕಾರ್ಖಾನೆಯಾಗಿದ್ದರೆ ಮೊದಲ ವಾರದಲ್ಲೇ ಕೆಲಸ ಹೋದವರ ಪಟ್ಟಿ ಅಂಟಿಸುತ್ತಿದ್ದರು. ಹಳಬರಿಗೆ ಆ ಅನುಭವ ಚೆನ್ನಾಗಿಯೇ ಇತ್ತು. ನುಮ್ಮಿಯಲ್ಲಿ ಒಬ್ಬರನ್ನೂ ತೆಗೆಯಲಿಲ್ಲ. ಲೈನಿನ ವೇಗ ಇಳಿಸಿದರು. ಹೆಚ್ಚಾದ ಜನರನ್ನು ತರಬೇತಿಗೆ ಹಾಕಿದರು, ಕೈಝೆನ್, ಅಂದರೆ ನಿರಂತರ ಸುಧಾರಣೆಯ ತಂಡಗಳಿಗೆ ಹಾಕಿದರು. ಅವರು ಕೆಲಸದ ಜಾಗಗಳನ್ನೇ ಒಂದೊಂದಾಗಿ ನೋಡಿ ಸರಿಪಡಿಸಿದರು.

ಶೇ. 26 ಇದ್ದದ್ದು ಮೇಲೇರಿದ್ದು ಇದರ ನಂತರದ ವರ್ಷಗಳಲ್ಲಿ. ಇದೊಂದೇ ಕಾರಣ ಅಂತ ನಾನು ಹೇಳುವುದಿಲ್ಲ. ಆದರೆ ಮನುಷ್ಯರ ಸ್ವಭಾವ ನೋಡಿದರೆ, ಕರಾರಿನಲ್ಲಿ ಬರೆದ ಸಾಲನ್ನು ನಂಬೋಕೂ, ಕಷ್ಟಕಾಲದಲ್ಲಿ ಅದು ನಡೆದದ್ದನ್ನು ಕಣ್ಣಾರೆ ಕಂಡು ನಂಬೋಕೂ ತುಂಬಾ ವ್ಯತ್ಯಾಸ ಇದೆ.

ಇನ್ನು ಕೆಲವು ಸಣ್ಣ ಸಂಗತಿಗಳು. ಎಲ್ಲರಿಗೂ ಒಂದೇ ಊಟದ ಹಾಲ್. ಮ್ಯಾನೇಜರ್‌ಗೆ ಅಂತ ಬೇರೆ ಪಾರ್ಕಿಂಗ್ ಜಾಗ ಇಲ್ಲ. ಗೈರುಹಾಜರಿ ಶೇ. 3ರ ಆಸುಪಾಸಿಗೆ ಇಳಿಯಿತು. ಯಂತ್ರಗಳ ವಿಷಯದಲ್ಲಿ ನುಮ್ಮಿ ಅಂಥ ಮುಂದುವರಿದ ಕಾರ್ಖಾನೆಯೇನೂ ಆಗಿರಲಿಲ್ಲ. ಅದೇ ಹೊತ್ತಿಗೆ ಜಿಎಂ ತನ್ನ ಬೇರೆ ಕಾರ್ಖಾನೆಗಳಲ್ಲಿ ರೋಬೋಟು ಮತ್ತು ಹೊಸ ಯಂತ್ರಗಳಿಗೆ ಶತಕೋಟಿಗಟ್ಟಲೆ ಡಾಲರ್ ಸುರಿಯುತ್ತಿತ್ತು.

ಅರವತ್ತು ಸೆಕೆಂಡಿನಲ್ಲಿ ಐವತ್ತೇಳು

ಈ ಪ್ರಕರಣವನ್ನು ಹೊಗಳಿ ಮುಗಿಸುವವರು ಬಿಟ್ಟುಬಿಡುವ ಭಾಗ ಒಂದಿದೆ. ಹಳೇ ಫ್ರೀಮಾಂಟ್‌ನಲ್ಲಿ ಕಾರ್ಮಿಕ ಒಂದು ನಿಮಿಷದಲ್ಲಿ ಸುಮಾರು 45 ಸೆಕೆಂಡು ಕೈಯಾಡಿಸುತ್ತಿದ್ದ. ನುಮ್ಮಿಯಲ್ಲಿ ಅದು 57 ಸೆಕೆಂಡಿನ ಹತ್ತಿರ ಹೋಯಿತು. ನಡುವೆ ಉಸಿರಾಡಲು ಸಿಗುತ್ತಿದ್ದ ಬಿಡುವು ಕರಗಿತು. ಒತ್ತಡ ಹೇರಿ ಕೆಲಸ ತೆಗೆಯುವ ಪದ್ಧತಿ ಇದು ಅಂತ ಯೂನಿಯನ್ ಒಳಗಿನ ಒಂದು ಗುಂಪು ಮತ್ತು ಹೊರಗಿನ ಕಾರ್ಮಿಕ ಬರಹಗಾರರು ಕಟುವಾಗಿ ಟೀಕಿಸಿದರು. ಆ ಟೀಕೆಯನ್ನು ತಳ್ಳಿಹಾಕೋಕೆ ಆಗಲ್ಲ. ಹಳೇ ಪದ್ಧತಿಗೆ ವಾಪಸ್ ಹೋಗಬೇಕು ಅಂದವರು ಕಡಿಮೆ, ನಿಜ. ಆದರೆ ದಣಿವೂ ನಿಜ.

1993ರ ಮಾದರಿಯ ಕಾರು ಲೈನಿಗೆ ಬಂದಾಗ ಇದು ಬಯಲಾಯಿತು. ಹೊಸ ಮಾದರಿ ಅಂದರೆ ಕೆಲಸಗಳೆಲ್ಲ ಹೊಸದಾಗಿ ಹಂಚಿಕೆಯಾಗುತ್ತವೆ, ವರ್ಷಗಟ್ಟಲೆ ತಿದ್ದಿದ ಸ್ಟ್ಯಾಂಡರ್ಡ್‌ಗಳು ಹೋಗಿ ಹೊಸವು ಬರುತ್ತವೆ. ಕೈ, ಭುಜ, ಬೆನ್ನು ನೋವಿನ ದೂರುಗಳು ಏರಿದವು. 1993ರ ಜನವರಿಯಲ್ಲಿ ಕ್ಯಾಲಿಫೋರ್ನಿಯಾದ ಕಾರ್ಮಿಕ ಸುರಕ್ಷತಾ ಇಲಾಖೆ ನುಮ್ಮಿಗೆ ನೋಟಿಸ್ ಕೊಟ್ಟಿತು. ಹಗ್ಗ ಇದ್ದ ಕಾರ್ಖಾನೆ, ಸಲಹೆ ಕೊಡುವ ಜನ ಇದ್ದ ಕಾರ್ಖಾನೆ. ಆದರೂ ಹೀಗಾಯಿತು.

ನನಗೆ ಕಾಣುವ ಕಾರಣ ಇದು. ಹಗ್ಗ ಕೆಲಸ ಮಾಡೋದು ಆ ನಿಮಿಷದಲ್ಲೇ ಕಾಣುವ ತಪ್ಪಿಗೆ. ಬೋಲ್ಟ್ ಕೂರದಿದ್ದರೆ ತಕ್ಷಣ ಗೊತ್ತಾಗುತ್ತದೆ. ಭುಜ ಸವೆಯೋದು ತಿಂಗಳುಗಟ್ಟಲೆ ನಡೆಯುತ್ತದೆ. ನೋವು ಹೇಳಿಕೊಂಡರೆ ತಂಡದ ಉಳಿದವರ ಮೇಲೆ ಹೊರೆ ಬೀಳುತ್ತದೆ ಅನ್ನುವ ಸಂಕೋಚವೂ ಸೇರುತ್ತದೆ. ಕಾರಿನ ದೋಷ ಹುಡುಕಲು ಕಟ್ಟಿದ ಪದ್ಧತಿ ಮೈಯ ದೋಷವನ್ನು ತಾನಾಗಿ ಹುಡುಕುವುದಿಲ್ಲ. ಅದಕ್ಕೆ ಬೇರೆ ಅಳತೆ ಬೇಕು, ಬೇರೆ ಪರಿಣತರು ಬೇಕು.

ನುಮ್ಮಿ ಇದನ್ನು ಕಲಿತದ್ದು ಗಮನಿಸಬೇಕಾದ ವಿಷಯ. 1995ರಲ್ಲಿ ಹೊಸ ಟ್ರಕ್ ಮಾದರಿ ಶುರುವಾಗುವ ಮುಂಚೆಯೇ ಕೆಲಸಗಳು ಮೈಗೆ ಎಷ್ಟು ಭಾರ ಅನ್ನೋದನ್ನು ಪರೀಕ್ಷಿಸಿದರು. ಆ ಮೊದಲ ಹಂತದಲ್ಲೇ ಕಾರ್ಮಿಕರನ್ನೂ ಕೂರಿಸಿಕೊಂಡರು. ಆ ಸಲ ಪರಿಸ್ಥಿತಿ ಸುಧಾರಿಸಿತು.

ನಕಲು ಯಾಕೆ ನಿಲ್ಲಲಿಲ್ಲ

ಜಿಎಂ ಈ ಪಾಲುದಾರಿಕೆಗೆ ಬಂದದ್ದೇ ಕಲಿಯೋಕೆ. ತನ್ನ ಮ್ಯಾನೇಜರ್‌ಗಳ ಒಂದು ಗುಂಪನ್ನು ನುಮ್ಮಿಗೆ ಕಳಿಸಿತ್ತು. ಅವರು ಕಲಿತೂ ಕಲಿತರು. ವಾಪಸ್ ಬಂದ ಮೇಲೆ ಅವರನ್ನು ಅಲ್ಲೊಬ್ಬ ಇಲ್ಲೊಬ್ಬ ಅಂತ ಚದುರಿಸಿಬಿಟ್ಟರು. ಒಬ್ಬ ಹಿರಿಯ ಅಧಿಕಾರಿ ನುಮ್ಮಿಯ ಪ್ರತಿ ಮೂಲೆಯ ಫೋಟೋ ತೆಗೆದು ಹಾಗೇ ಮಾಡಿಸಿ ಅಂದಿದ್ದರು ಅನ್ನುವ ಮಾತು ಆ ಗುಂಪಿನವರಿಂದಲೇ ಬಂದಿದೆ.

ಕ್ಯಾಲಿಫೋರ್ನಿಯಾದ್ದೇ ವ್ಯಾನ್ ನೈಸ್ ಕಾರ್ಖಾನೆಯಲ್ಲಿ ಅದನ್ನು ಪ್ರಯತ್ನಿಸಿದರು. ತಂಡಗಳನ್ನು ಮಾಡಿದರು, ಹಗ್ಗವನ್ನೂ ಕಟ್ಟಿದರು. ಆದರೆ ಲೈನ್ ನಿಂತರೆ ಮ್ಯಾನೇಜರ್‌ಗೆ ಕೋಪ ಬರುತ್ತಿತ್ತು, ಯಾಕೆಂದರೆ ಅವನನ್ನು ಅಳೆಯುತ್ತಿದ್ದುದು ದಿನಕ್ಕೆ ಎಷ್ಟು ಕಾರು ಹೊರಬಿತ್ತು ಅನ್ನೋದರಲ್ಲಿ. ಹಗ್ಗ ಎಳೆದವನಿಗೆ ಮತ್ತೆ ಬೈಗುಳವೇ. ಯೂನಿಯನ್‌ನ ಒಂದು ದೊಡ್ಡ ಭಾಗಕ್ಕೆ ಇದರಲ್ಲಿ ಮೊದಲಿಂದಲೇ ನಂಬಿಕೆ ಇರಲಿಲ್ಲ. ಹೊರಗಿಂದ ಕೆಟ್ಟ ಭಾಗ ಬಂದರೆ ಕಳಿಸಿದವರನ್ನು ಕರೆದು ಸರಿ ಮಾಡಿಸುವ ದಾರಿಯೂ ಇರಲಿಲ್ಲ. ನುಮ್ಮಿಯ ಬೆನ್ನ ಹಿಂದೆ ಭಾಗ ಪೂರೈಸುವವರು, ವಿನ್ಯಾಸ ಮಾಡುವವರು, ಖರೀದಿಯವರು ಎಲ್ಲರೂ ಅದೇ ರೀತಿ ಕೆಲಸ ಮಾಡುತ್ತಿದ್ದರು. ಅದು ಫೋಟೋದಲ್ಲಿ ಕಾಣುವಂಥದ್ದಾಗಿರಲಿಲ್ಲ. ವ್ಯಾನ್ ನೈಸ್ 1992ರಲ್ಲಿ ಮುಚ್ಚಿತು.

ಅದೇ ವರ್ಷ ಜರ್ಮನಿಯ ಐಸೆನಾಖ್‌ನಲ್ಲಿ ಜಿಎಂನ ಓಪೆಲ್ ಕಂಪನಿ ಹೊಸ ಕಾರ್ಖಾನೆ ತೆರೆಯಿತು. ನುಮ್ಮಿಯಲ್ಲಿ ಕಲಿತವರು ಅಲ್ಲಿ ಜೊತೆಯಾಗಿ ಸೇರಿದರು. ಅಲ್ಲಿ ಪದ್ಧತಿ ನಿಂತಿತು. ಒಬ್ಬ ಕಲಿತವನನ್ನು ಕಲಿಯದ ನೂರು ಜನರ ನಡುವೆ ಇಟ್ಟರೆ ಅವನು ಬೇಗ ಹಳೇ ದಾರಿಗೆ ಬೀಳುತ್ತಾನೆ. ಕಲಿತವರು ಒಟ್ಟಿಗೆ ಇದ್ದು, ಮೇಲಿನವರ ಅಳತೆಗೋಲೂ ಬದಲಾದರೆ ಬೇರೆ ಕಥೆ. ಕೆಲಸದ ಜಾಗದಲ್ಲಿ ಸುಧಾರಣೆಗೆ ಅಂತ ಒಬ್ಬರನ್ನು ತರಬೇತಿಗೆ ಕಳಿಸಿ ವಾಪಸ್ ಬಂದವರಿಂದ ಪವಾಡ ಕಾಯುವವರು ಈ ಎರಡು ಊರುಗಳನ್ನು ಅಕ್ಕಪಕ್ಕ ಇಟ್ಟು ನೋಡಬೇಕು.

2010

ಜಿಎಂ ನಿಧಾನವಾಗಿ ಕಲಿಯಿತು. 2000ದ ದಶಕದಲ್ಲಿ ಅದರ ಕಾರುಗಳ ಗುಣಮಟ್ಟ ಎಷ್ಟೋ ಮೇಲೆ ಬಂದಿತ್ತು. ಆದರೆ ಅಷ್ಟರಲ್ಲಿ ಸಾಲ ಮತ್ತು ಹಳೇ ಹೊರೆಗಳು ಕಂಪನಿಯನ್ನು ಮುಳುಗಿಸಿದ್ದವು. 2009ರ ಜೂನ್ 1ರಂದು ಜಿಎಂ ದಿವಾಳಿ ಅರ್ಜಿ ಹಾಕಿತು, ಅದೇ ತಿಂಗಳು ನುಮ್ಮಿಯಿಂದ ಹೊರಬಂತು. ಒಬ್ಬಂಟಿಯಾಗಿ ನಡೆಸೋದು ಬೇಡ ಅಂತ ಟೊಯೋಟಾ ತೀರ್ಮಾನಿಸಿತು. 2010ರ ಏಪ್ರಿಲ್ 1ರಂದು ಕಾರ್ಖಾನೆ ಮುಚ್ಚಿತು. ಸುಮಾರು 4,700 ಜನರ ಕೆಲಸ ಹೋಯಿತು. ಕಟ್ಟಡವನ್ನು ಅದೇ ವರ್ಷ ಟೆಸ್ಲಾ ಕೊಂಡಿತು.

ಹಾಗಾದರೆ ಆ ಕರಾರಿನ ಸಾಲು ಸುಳ್ಳಾಯಿತೇ? ಕೆಲಸ ಕಳೆದುಕೊಂಡ ಕಾರ್ಮಿಕರಲ್ಲಿ ಹಲವರು ಹಾಗೇ ಭಾವಿಸಿದರು, ಬೀದಿಗಿಳಿದು ಹೇಳಿದರು ಕೂಡ. ಅವರ ಸಿಟ್ಟು ನನಗೆ ನ್ಯಾಯ ಅನಿಸುತ್ತದೆ. ಕಾರ್ಖಾನೆಯ ಒಳಗೆ ಅವರು ತಮ್ಮ ಕಡೆಯ ಮಾತು ಕೊನೆಯವರೆಗೂ ಉಳಿಸಿಕೊಂಡಿದ್ದರು. ಆ ಸಾಲು ಕಾಪಾಡುತ್ತಿದ್ದುದು ಕಾರ್ಖಾನೆ ನಡೆಯುವವರೆಗಿನ ಕೆಲಸವನ್ನು. ಕಾರ್ಖಾನೆ ಇರಬೇಕಾ ಬೇಡವಾ ಅನ್ನುವ ತೀರ್ಮಾನ ಇಬ್ಬರು ಮಾಲೀಕರ ಕೈಯಲ್ಲಿತ್ತು, ಆ ಮಾತುಕತೆಯಲ್ಲಿ ಕಾರ್ಮಿಕರಿಗೆ ಜಾಗ ಇರಲಿಲ್ಲ. ಇಪ್ಪತ್ತೈದು ವರ್ಷ ಸ್ಟ್ಯಾಂಡರ್ಡ್ ಬರೆಯೋಕೆ, ಹಗ್ಗ ಎಳೆಯೋಕೆ, ಸಲಹೆ ಕೊಡೋಕೆ ಅವರನ್ನು ಕರೆದಿದ್ದ ಕಂಪನಿ, ಇದೊಂದು ವಿಷಯಕ್ಕೆ ಅವರನ್ನು ಕರೆಯಲಿಲ್ಲ.